ಸ್ಟೀಲ್ ಕೇಸ್ ರೌಂಡ್ ಹಾಕಿದ್ರೆ ಪಿಸ್ತೂಲು ಹಾಳಾಗತ್ತಾ?

ಅಮೆರಿಕದಲ್ಲಿ ಹೊಸದಾಗಿ 9 ಎಂಎಂ ಪಿಸ್ತೂಲು ತಗೊಂಡು ಶೂಟಿಂಗ್ ರೇಂಜಿಗೆ ಹೋಗೋಕೆ ಶುರು ಮಾಡಿದ ನಮ್ಮ ಜನ ಬೇಗನೇ ಕೇಳೋ ಪ್ರಶ್ನೆ ಇದು. ಗನ್ನಿನ ದುಡ್ಡು ಒಂದ್ಸಲ ಕೊಟ್ಟರೆ ಮುಗೀತು, ರೌಂಡ್ಸ್, ಅಂದ್ರೆ ತೋಟಾಗಳು, ಹಾಗಲ್ಲ, ಒಂದೇ ಸಂಜೆಲಿ ನೂರು ನೂರೈವತ್ತು ಗೊತ್ತೇ ಆಗ್ದಂಗೆ ಖಾಲಿಯಾಗ್ತವೆ, ತಿಂಗಳ ಕೊನೆಗೆ ಕಾರ್ಡ್ ಬಿಲ್ ನೋಡಿದಾಗ ಎದೆ ಧಸಕ್ ಅನ್ನತ್ತೆ. ಆಗ ಅಂಗಡಿಲಿ ಹಿತ್ತಾಳೆ ರೌಂಡಿನ ಡಬ್ಬಿಗಳ ಪಕ್ಕದಲ್ಲೇ ಬೂದು ಬಣ್ಣದ ಸ್ಟೀಲ್ ಕೇಸಿಂದು ಕಾಣತ್ತೆ, ರೇಟು ಕಮ್ಮಿ. ಪಕ್ಕದ ಲೇನಲ್ಲಿರೋ ಅಂಕಲ್ ಒಬ್ರು "ಅದನ್ನ ಮಾತ್ರ ಹಾಕ್ಬೇಡಪ್ಪ, ಬ್ಯಾರಲ್ ತಿಂದ್ಹಾಕತ್ತೆ" ಅಂತಾರೆ, ಇನ್ನೊಬ್ರು "ವರ್ಷಗಟ್ಲೆಯಿಂದ ಅದನ್ನೇ ಹೊಡೀತಿದೀನಿ, ಏನೂ ಆಗಿಲ್ಲ" ಅಂತಾರೆ. ಇಬ್ರೂ ಪೂರ್ತಿ ಸುಳ್ಳು ಹೇಳ್ತಿಲ್ಲ. ಗೊಂದಲ ಎಲ್ಲಿದೆ ಅಂದ್ರೆ, ಸ್ಟೀಲು ಆ ರೌಂಡಲ್ಲಿ ಎರಡು ಜಾಗದಲ್ಲಿ ಇರಬಹುದು. ಗನ್ನಲ್ಲೇ ಉಳಿದು ಆಮೇಲೆ ಆಚೆ ಬೀಳೋ ಕೇಸಲ್ಲಿ ಒಂದು, ಮುಂದೆ ಹಾರೋ ಗುಂಡಿನ ಮೈಮೇಲಿನ ಜಾಕೆಟಲ್ಲಿ ಇನ್ನೊಂದು. ಕೇಸಿಂದ ಆಗೋ ತೊಂದ್ರೆನೇ ಬೇರೆ, ಜಾಕೆಟಿಂದ ಆಗೋದೇ ಬೇರೆ, ಜನ ಎರಡನ್ನೂ ಕಲಸಿಬಿಟ್ಟು ಜಗಳ ಆಡ್ತಾರೆ.

ಶುರು ಮಾಡೋಕೆ ಮುಂಚೆ ಒಂದು ಮಾತು, ವಿಷಯಕ್ಕೆ ಸ್ವಲ್ಪ ಆಚೆದು ಆದ್ರೂ ನಮ್ಮೋರಿಗೆ ಬೇಕಾಗಿರೋದು. ಎಚ್-1ಬಿ ಥರದ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಇರೋರು ಗನ್ನಾಗ್ಲಿ ರೌಂಡ್ಸಾಗ್ಲಿ ಇಟ್ಕೊಳೋ ಹಾಗಿಲ್ಲ ಅಂತ ಅಮೆರಿಕದ ಫೆಡರಲ್ ಕಾನೂನೇ ಹೇಳತ್ತೆ. ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ, ಇನ್ನೂ ಒಂದೆರಡು ಇವೆ, ಆದ್ರೆ ಅದ್ಯಾವುದೂ ಇಲ್ದೆ ಫ್ರೆಂಡ್ ಜೊತೆ ಹೋಗಿ ರೇಂಜಿನ ಬಾಡಿಗೆ ಗನ್ ಕೈಯಲ್ಲಿ ಹಿಡಿದ್ರೂ ಅದು ಇಟ್ಕೊಂಡ ಹಾಗೇನೇ ಲೆಕ್ಕ. ಗ್ರೀನ್ ಕಾರ್ಡ್ ಇರೋರಿಗೆ ಈ ತಲೆನೋವಿಲ್ಲ. ವೀಸಾದಲ್ಲಿರೋರು ಮೊದಲು ವಕೀಲರನ್ನ ಕೇಳಿ, ಆಮೇಲೆ ಸ್ಟೀಲೋ ಹಿತ್ತಾಳೆನೋ ಯೋಚ್ನೆ ಮಾಡಿ. ಊರಲ್ಲಿರೋರಿಗಂತೂ ಈ ಪ್ರಶ್ನೆನೇ ಬರಲ್ಲ, ಯಾಕಂದ್ರೆ ಭಾರತದಲ್ಲಿ 9 ಎಂಎಂ ಪ್ರೊಹಿಬಿಟೆಡ್ ಬೋರ್, ಸಾಮಾನ್ಯ ಲೈಸೆನ್ಸಿಗೆ ಸಿಗಲ್ಲ. ಕೊಡವರಿಗೆ ಆರ್ಮ್ಸ್ ಆಕ್ಟ್ ಲೈಸೆನ್ಸಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರ ತನಕ ಮುಂದುವರಿಸಿದ್ರು, ಆದ್ರೆ ಅಲ್ಲಿ ಮನೆಮನೆಲಿರೋದು ಕೋವಿ, ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಇಟ್ಟು ಪೂಜೆ ಮಾಡೋದು, ತೆಂಗಿನಕಾಯಿಗೆ ಗುರಿ ಇಡೋದು. ಸಾವಿರಗಟ್ಲೆ ರೌಂಡ್ಸ್ ಸುಡೋ ಪಿಸ್ತೂಲು ಪ್ರಾಕ್ಟೀಸು ಅನ್ನೋದು ಅಮೆರಿಕದ ಕತೆನೇ.

ಸರಿ, ಒಂದು ರೌಂಡಲ್ಲಿ ನಾಲ್ಕು ಭಾಗ. ಹಿಂದೆ ಪ್ರೈಮರ್, ಅದನ್ನ ಪಿನ್ ಕುಟ್ಟಿದ್ರೆ ಕಿಡಿ ಬರತ್ತೆ. ಒಳಗೆ ಮದ್ದು. ಮುಂದೆ ಗುಂಡು. ಇದೆಲ್ಲವನ್ನೂ ಹಿಡ್ಕೊಂಡಿರೋ ಲೋಟದ ಆಕಾರದ್ದೇ ಕೇಸು. ಕೇಸಿನ ಕೆಲಸ ಬರೀ ಹಿಡ್ಕೊಳೋದು ಅಂತ ತುಂಬಾ ಜನ ಅನ್ಕೊಂಡಿದಾರೆ, ಅಸಲಿ ಕೆಲಸ ಮದ್ದು ಹತ್ಕೊಂಡ ಮೇಲೆ ಶುರುವಾಗೋದು. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ನೆನಪಿಸ್ಕೊಳಿ, ಮುಚ್ಚಳಕ್ಕೂ ಪಾತ್ರೆಗೂ ನಡುವೆ ಗಟ್ಟಿಯಾಗಿ ಕೂತು ಆವಿ ಪಕ್ಕದಿಂದ ಹೋಗ್ದಂಗೆ ತಡೆಯತ್ತಲ್ಲ, ಕೇಸು ಮಾಡೋದೂ ಅದೇ, ಗನ್ನಿನ ಚೇಂಬರ್, ಅಂದ್ರೆ ರೌಂಡ್ ಕೂರೋ ಗೂಡಿನ ಗೋಡೆಗೆ ಉಬ್ಬಿ ಅಂಟ್ಕೊಂಡು ಬಿಸಿ ಗ್ಯಾಸು ಹಿಂದೆ ಬರದ ಹಾಗೆ ಸೀಲ್ ಮಾಡತ್ತೆ. ಕುಕ್ಕರ್ ಒಳಗಿನ ಪ್ರೆಶರು, ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಲೆಕ್ಕದಲ್ಲಿ, ಸುಮಾರು 15 ಪಿಎಸ್‌ಐ, 9 ಎಂಎಂ ರೌಂಡಿಗೆ ಅಮೆರಿಕದ ಸ್ಟ್ಯಾಂಡರ್ಡ್ ಕೊಟ್ಟಿರೋ ಗರಿಷ್ಠ ಮಿತಿ 35,000 ಪಿಎಸ್‌ಐ. ಇನ್ನೂ ಒಂದು ವ್ಯತ್ಯಾಸ ಇದೆ, ಇಲ್ಲಿ ಗ್ಯಾಸ್ಕೆಟ್ಟು ಕಣ್ಣುಮುಚ್ಚಿ ಬಿಡೋದ್ರೊಳಗೆ ಉಬ್ಬಿ, ಗುಂಡು ಬ್ಯಾರಲ್ಲಿಂದ ಆಚೆ ಹೋಗಿ ಪ್ರೆಶರ್ ಇಳಿದ ತಕ್ಷಣ ಮತ್ತೆ ಕುಗ್ಗಬೇಕು. ಕುಗ್ಗದೇ ಇದ್ರೆ ಎಕ್ಸ್‌ಟ್ರ್ಯಾಕ್ಟರ್ ಅನ್ನೋ ಕೊಂಡಿ ಅದನ್ನ ಹಿಡಿದು ಎಳೆಯೋಕೆ ಒದ್ದಾಡತ್ತೆ.

ಉಬ್ಬೋದು, ಕುಗ್ಗೋದು ಎರಡರಲ್ಲೂ ಹಿತ್ತಾಳೆ ಜಾಣ. ತೋಟಾಗಳಿಗೆ ಬಳಸೋ ಹಿತ್ತಾಳೆ ನೂರಕ್ಕೆ 70 ಭಾಗ ತಾಮ್ರ, 30 ಭಾಗ ಸತು, ಅದಕ್ಕೆ ಕಾರ್ಟ್ರಿಜ್ ಬ್ರಾಸ್ ಅಂತಾನೇ ಹೆಸರು. ಸ್ಟೀಲಿನ ಬಿಗಿತ ಹಿತ್ತಾಳೆಗಿಂತ ಹೆಚ್ಚುಕಮ್ಮಿ ಎರಡರಷ್ಟು. ಅದಕ್ಕೇ ಅದು ಚೇಂಬರ್ ಗೋಡೆಗೆ ಅಷ್ಟು ಸಲೀಸಾಗಿ ಒತ್ಕೊಳಲ್ಲ, ಒತ್ಕೊಂಡ ಮೇಲೆ ಹಿತ್ತಾಳೆಯಷ್ಟು ವಾಪಸ್ ಕುಗ್ಗೋದೂ ಇಲ್ಲ. ಇದರಿಂದ ಎರಡು ಪರಿಣಾಮ. ಮೊದಲನೇದು, ಸೀಲ್ ಸರಿಯಾಗಿ ಆಗದೇ ಇರೋ ಆ ಒಂದು ಕ್ಷಣದಲ್ಲಿ ಸ್ವಲ್ಪ ಹೊಗೆ ಕೇಸಿನ ಪಕ್ಕದಿಂದ ಹಿಂದೆ ನುಗ್ಗತ್ತೆ, ಮಸಿ ಕೂರತ್ತೆ. ಒಂದು ಸ್ಟೀಲ್ ಕೇಸು ಹೊಡೆದಾದ್ಮೇಲೆ ಎತ್ತಿ ನೋಡಿ, ಬಾಯಿ ಕಡೆಯಿಂದ ಕೆಳಗೆ ಒಂದು ಪಕ್ಕದಲ್ಲಿ ಕಪ್ಪಗೆ ಹೊಗೆ ಹರಿದ ಗೆರೆ ಕಾಣತ್ತೆ, ಹಿತ್ತಾಳೆ ಕೇಸಲ್ಲಿ ಅಷ್ಟು ಇರಲ್ಲ. ಎರಡನೇದು, ಕೇಸು ಸ್ವಲ್ಪ ಬಿಗಿಯಾಗಿ ಕೂತಿರತ್ತೆ. ಚೇಂಬರ್ ಕೊಳೆಯಾಗಿದ್ರೆ ಇನ್ನೂ ಬಿಗಿ.

ಇಲ್ಲೇ ಆ ಪ್ರಸಿದ್ಧ ಲ್ಯಾಕರ್, ಅಂದ್ರೆ ವಾರ್ನಿಶ್ ಥರದ ಮೆರುಗೆಣ್ಣೆ ಕತೆ ಹುಟ್ಟಿದ್ದು. ಸ್ಟೀಲು ಬರೀ ಮೈಯಲ್ಲಿ ಇದ್ರೆ ತುಕ್ಕು ಹಿಡಿಯತ್ತೆ, ಅದಕ್ಕೆ ಮೇಲೊಂದು ಲೇಪನ ಬೇಕೇಬೇಕು. ರಷ್ಯಾದ ಬರ್ನೌಲ್ ಫ್ಯಾಕ್ಟರಿಯ ಬ್ರೌನ್ ಬೇರ್ ಬ್ರ್ಯಾಂಡ್‌ಗೆ ಲ್ಯಾಕರ್, ಅದೇ ಫ್ಯಾಕ್ಟರಿಯ ಸಿಲ್ವರ್ ಬೇರ್‌ಗೆ ಸತು, ವುಲ್ಫ್ ಬ್ರ್ಯಾಂಡಿನೋರು ಮೊದಲು ಲ್ಯಾಕರ್ ಹಾಕ್ತಿದ್ದೋರು ಆಮೇಲೆ ಪಾಲಿಮರಿಗೆ ಬದಲಾದ್ರು. ಬಿಸಿಗೆ ಲ್ಯಾಕರ್ ಕರಗಿ ಚೇಂಬರಲ್ಲಿ ಗೋಂದಿನ ಥರ ಅಂಟ್ಕೊಳತ್ತೆ, ಅದಕ್ಕೇ ಕೇಸ್ ಸಿಕ್ಕಾಕೊಳತ್ತೆ ಅಂತ ಜನ ಹೇಳ್ತಾರೆ, ಈಗ್ಲೂ ಹೇಳ್ತಾರೆ. ಆದ್ರೆ ಖಾಲಿ ಕೇಸನ್ನ ಬ್ಲೋಟಾರ್ಚಲ್ಲಿ ಸುಟ್ಟು ನೋಡಿದೋರಿದಾರೆ, ಲ್ಯಾಕರ್ ಕಪ್ಪಾಗತ್ತೆ, ಸುಡತ್ತೆ, ಬೆಣ್ಣೆ ಕರಗಿದಂಗೆ ಏನೂ ಹರಿಯಲ್ಲ. ನಿಜವಾಗ್ಲೂ ಸಿಕ್ಕಾಕ್ಸೋದು ಮೇಲೆ ಹೇಳಿದ ಮಸಿ. ಅದರಲ್ಲೂ ಮಾಮೂಲಾಗಿ ಆಗೋದು ಹೀಗೆ: ಒಬ್ರು ಇನ್ನೂರು ಸ್ಟೀಲ್ ರೌಂಡ್ ಹೊಡೀತಾರೆ, ಎಲ್ಲಾ ಸರಿಯಾಗಿ ಓಡತ್ತೆ, ಚೇಂಬರಲ್ಲಿ ಮಸಿ ಪದರ ಕೂತಿರತ್ತೆ, ಆಮೇಲೆ ಕ್ಲೀನ್ ಮಾಡ್ದೇನೇ ಹಿತ್ತಾಳೆ ರೌಂಡ್ ಹಾಕ್ತಾರೆ, ಹಿತ್ತಾಳೆ ಚೆನ್ನಾಗಿ ಉಬ್ಬಿ ಆ ಮಸಿಗೆ ಒತ್ಕೊಂಡು ಅಲ್ಲೇ ಕಚ್ಕೊಳತ್ತೆ, ಬೈಗುಳ ಮಾತ್ರ ಲ್ಯಾಕರಿಗೆ. ಪರಿಹಾರನೂ ಅಷ್ಟೇ ಸಿಂಪಲ್ಲು, ಸ್ಟೀಲಿಂದ ಹಿತ್ತಾಳೆಗೆ ಬದಲಾಯಿಸೋ ಮುಂಚೆ ಚೇಂಬರ್ ಬ್ರಷ್ ಒಂದ್ಸಲ ತಿರುಗಿಸಿ ಬಟ್ಟೆಲಿ ಒರೆಸಿ. ಬ್ಯಾರಲ್ ಉದ್ದಕ್ಕೂ ತಳ್ಳೋ ಬ್ರಷ್ಷು ಸಾಲಲ್ಲ, ಚೇಂಬರ್ ಬ್ಯಾರಲ್ ತೂತಿಗಿಂತ ಸ್ವಲ್ಪ ದಪ್ಪ ಇರತ್ತೆ, ಅಳತೆಗೆ ತಕ್ಕ ಬ್ರಷ್ ಬೇಕು.

ಇಷ್ಟೆಲ್ಲಾ ರಗಳೆ ಇದ್ರೂ ಯಾಕೆ ಸ್ಟೀಲಲ್ಲಿ ಮಾಡ್ತಾರೆ ಅಂದ್ರೆ, ತಾಮ್ರ ದುಬಾರಿ, ಕಬ್ಬಿಣ ಅಗ್ಗ. ಯುದ್ಧ ಬಂದಾಗಂತೂ ತಾಮ್ರ ಸಿಗೋದೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಲ್ಯಾಕರ್ ಹಚ್ಚಿದ ಸ್ಟೀಲ್ ಕೇಸಲ್ಲೇ 9 ಎಂಎಂ ಮಾಡಿದ್ರು. ಸ್ಟೀಲ್ ಕೇಸ್ ಅಂದ್ರೆ ರಷ್ಯಾದ ಚೀಪ್ ಮಾಲು ಅಂತ ಮೂಗು ಮುರಿಯೋ ಅಮೆರಿಕನ್ನರೂ ಆಗ ಅದನ್ನೇ ಮಾಡಿದ್ರು, ಇಂಡಿಯಾನಾ ರಾಜ್ಯದ ಎವಾನ್ಸ್‌ವಿಲ್‌ನಲ್ಲಿ ಕ್ರೈಸ್ಲರ್ ಕಂಪನಿಯ ಕಾರ್ ಪ್ಲಾಂಟನ್ನೇ ತೋಟಾ ಫ್ಯಾಕ್ಟರಿ ಮಾಡಿ .45 ಪಿಸ್ತೂಲಿನ ರೌಂಡ್ಸ್ 300 ಕೋಟಿಗೂ ಮೇಲೆ ತೆಗೆದ್ರು, ಅದರಲ್ಲಿ ಬಹುಪಾಲು ಸ್ಟೀಲ್ ಕೇಸು. ಅದೇ ಹೊತ್ತಲ್ಲಿ 1943ರಲ್ಲಿ ಅಮೆರಿಕದ ಒಂದು ಸೆಂಟ್ ನಾಣ್ಯಾನೂ ತಾಮ್ರದ ಬದಲು ಸತು ಲೇಪಿಸಿದ ಸ್ಟೀಲಲ್ಲಿ ಬಂತು, ತಾಮ್ರ ಎಲ್ಲಾ ಯುದ್ಧಕ್ಕೆ ಹೋಗ್ತಿತ್ತು. ಮುಂದೆ ಸೋವಿಯತ್ತರು ಸ್ಟೀಲನ್ನೇ ತಮ್ಮ ಮಾಮೂಲು ಲೋಹ ಮಾಡ್ಕೊಂಡ್ರು. ಎಕೆ-47 ರೌಂಡು ಹಿಂದೆ ದಪ್ಪ ಮುಂದೆ ಸಣ್ಣ ಆಗ್ತಾ ಹೋಗಿರೋದು ಗಮನಿಸಿರಬಹುದು, ಆ ಇಳಿಜಾರು ಇದ್ರೆ ಕೇಸು ಸ್ವಲ್ಪ ಹಿಂದೆ ಸರಿದ ಕೂಡ್ಲೇ ಗೋಡೆ ಬಿಟ್ಕೊಳತ್ತೆ. 9 ಎಂಎಂ ಕೇಸಲ್ಲೂ ಅಂಥ ಸಣ್ಣ ಇಳಿಜಾರಿದೆ, ಬುಡದಲ್ಲಿ 9.93 ಮಿಲಿಮೀಟರ್, ಬಾಯಲ್ಲಿ 9.65. ಪಿಸ್ತೂಲಲ್ಲಿ ಸ್ಟೀಲ್ ಕೇಸ್ ಸಾಮಾನ್ಯವಾಗಿ ಓಡೋದಕ್ಕೆ ಇದೂ ಒಂದು ಕಾರಣ, ಪ್ರೆಶರ್ ರೈಫಲ್ಲಿಗಿಂತ ಕಮ್ಮಿ ಅನ್ನೋದು ಇನ್ನೊಂದು.

ಎಕ್ಸ್‌ಟ್ರ್ಯಾಕ್ಟರ್ ಸವೆಯತ್ತೆ ಅನ್ನೋ ಭಯದ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಕೇಸಿಗೆ ಬಳಸೋದು ಮೆತ್ತನೆ ಸ್ಟೀಲು, ಎಕ್ಸ್‌ಟ್ರ್ಯಾಕ್ಟರ್ ಗಟ್ಟಿ ಮಾಡಿದ ಸ್ಟೀಲು. ಹಿತ್ತಾಳೆಗಿಂತ ಸ್ವಲ್ಪ ಬೇಗ ಸವೆದ್ರೂ ಅದು ಬದಲಾಯಿಸೋಕೆ ಅಂತಾನೇ ಇರೋ ಚಿಕ್ಕ ಪಾರ್ಟು, ಮಾಮೂಲಿ ಪಿಸ್ತೂಲುಗಳಿಗೆ ರೇಟೂ ಕಮ್ಮಿನೇ.

ಈಗ ಜಾಕೆಟ್ಟಿಗೆ ಬರೋಣ, ನನ್ ಪ್ರಕಾರ ತಲೆ ಕೆಡಿಸ್ಕೋಬೇಕಾಗಿರೋದು ಇಲ್ಲಿ. ಗುಂಡಿನ ಒಳಗೆ ಸೀಸ, ಮೇಲೆ ಜಾಕೆಟ್. ಹಿತ್ತಾಳೆ ಕೇಸಿನ ಮಾಮೂಲಿ ಪ್ರಾಕ್ಟೀಸ್ ರೌಂಡಲ್ಲಿ ಜಾಕೆಟ್ ತಾಮ್ರದ್ದು. ರಷ್ಯಾದಿಂದ ಬರ್ತಿದ್ದ ಅಗ್ಗದ ರೌಂಡಲ್ಲಿ ಹೆಚ್ಚಾಗಿ ಬೈಮೆಟಲ್, ಅಂದ್ರೆ ಮೆತ್ತನೆ ಸ್ಟೀಲಿನ ಜಾಕೆಟ್ ಮೇಲೆ ತೆಳ್ಳಗೆ ತಾಮ್ರದ ಪದರ. ನೋಡೋಕೆ ತಾಮ್ರದ ಥರಾನೇ ಹೊಳೆಯತ್ತೆ, ಮ್ಯಾಗ್ನೆಟ್ ಹಿಡಿದ್ರೆ ಮಾತ್ರ ಬಣ್ಣ ಬಯಲಾಗತ್ತೆ. ತುಂಬಾ ರೇಂಜುಗಳಲ್ಲಿ ಕೌಂಟರಲ್ಲೇ ಪೆನ್ನಿನ ಉದ್ದದ ಕಡ್ಡಿ ತುದಿಗೆ ಮ್ಯಾಗ್ನೆಟ್ ಇರತ್ತೆ, ನಿಮ್ಮ ಡಬ್ಬಿ ತೆಗೆದು ಒಂದು ರೌಂಡ್ ಎತ್ತಿ ಗುಂಡಿನ ಮೂತಿಗೆ ತಾಗಿಸ್ತಾರೆ, ಅಂಟ್ಕೊಂಡ್ರೆ "ನಾಟ್ ಹಿಯರ್" ಅಂತ ಡಬ್ಬಿ ವಾಪಸ್ ತಳ್ತಾರೆ. ಮನೇಲಿ ನೀವೇ ನೋಡೋದಾದ್ರೆ ಮ್ಯಾಗ್ನೆಟ್ಟನ್ನ ಮೂತಿಯ ತುತ್ತತುದಿಗೇ ಹಿಡೀರಿ, ಕೇಸ್ ಕಡೆ ಹೋದ್ರೆ ಸ್ಟೀಲ್ ಕೇಸು ಹೇಗಿದ್ರೂ ಎಳ್ಕೊಳತ್ತೆ, ತಪ್ಪು ಉತ್ತರ ಸಿಗತ್ತೆ.

ರೇಂಜಿನೋರು ಯಾಕೆ ಬೇಡ ಅಂತಾರೆ? ಒಳಾಂಗಣ ರೇಂಜಲ್ಲಿ ಗುಂಡು ಹೋಗಿ ಬಡಿಯೋದು ಹಿಂದಿನ ಸ್ಟೀಲ್ ತಡೆಗೆ. ಸೀಸ, ತಾಮ್ರ ಅಲ್ಲಿ ಸುಮ್ನೆ ಚಪ್ಪಟೆಯಾಗತ್ತೆ, ಪುಡಿಯಾಗತ್ತೆ. ಸ್ಟೀಲ್ ಜಾಕೆಟ್ ಬಡಿದ್ರೆ ಕಿಡಿ ಹಾರತ್ತೆ, ಲೇನಿನ ನೆಲದ ಮೇಲೆ ಪೂರ್ತಿ ಉರಿಯದ ಮದ್ದಿನ ಪುಡಿ ಬಿದ್ದಿರತ್ತೆ, ರಬ್ಬರ್ ಚೂರಿನ ತಡೆ ಇರೋ ರೇಂಜಾದ್ರೆ ಕೇಳೋದೇ ಬೇಡ, ಬೆಂಕಿಗೆ ಬೇಕಾದ್ದೆಲ್ಲಾ ಅಲ್ಲೇ ರೆಡಿ ಇದೆ. ಜೊತೆಗೆ ತಡೆ ಬೇಗ ಸವೆಯತ್ತೆ. ಬಯಲಲ್ಲಿ ಹೊಡೆಯೋರಿಗೂ ಇದು ತಪ್ಪಿದ್ದಲ್ಲ, ಪಶ್ಚಿಮದ ಒಣ ರಾಜ್ಯಗಳಲ್ಲಿ ಬೇಸಿಗೆ ಬಂತಂದ್ರೆ ಸರ್ಕಾರಿ ಜಮೀನಲ್ಲಿ ಸ್ಟೀಲ್ ಜಾಕೆಟ್, ಸ್ಟೀಲ್ ಕೋರ್ (ಒಳಗಿನ ತಿರುಳು) ಇರೋ ಗುಂಡು ಹೊಡೀಬೇಡಿ ಅಂತ ಆರ್ಡರ್ ಬರತ್ತೆ, ಯೂಟಾದಲ್ಲಿ ಇದು ಮಾಮೂಲು. ಅಮೆರಿಕದ ಫಾರೆಸ್ಟ್ ಸರ್ವಿಸ್ 2013ರಲ್ಲಿ ರೈಫಲ್ ಗುಂಡುಗಳನ್ನ ಸ್ಟೀಲ್ ತಟ್ಟೆಗೆ ಹೊಡೆದು ಪರೀಕ್ಷೆ ಮಾಡಿ, ಸ್ಟೀಲ್ ಭಾಗ ಇರೋ ಗುಂಡಿನ ಬಿಸಿ ಚೂರುಗಳಿಂದ ಒಣಗಿದ ಕಸಕ್ಕೆ ಬೆಂಕಿ ಹತ್ಕೊಳತ್ತೆ ಅಂತ ತೋರಿಸಿತ್ತು. ಗಟ್ಟಿ ತಾಮ್ರದ ಗುಂಡೂ ಅದರಲ್ಲಿ ಸಿಕ್ಕಿಬಿದ್ದಿತ್ತು ಅನ್ನೋದು ಬೇರೆ ಮಾತು.

ಜಾಕೆಟ್ ತಾಮ್ರದ್ದೇ ಇದ್ರೂ ಬರೀ ಸ್ಟೀಲ್ ಕೇಸಿದೆ ಅಂತಾನೇ ಬೇಡ ಅನ್ನೋ ರೇಂಜುಗಳೂ ಇವೆ, ಅದು ಶುದ್ಧ ಗುಜರಿ ವ್ಯವಹಾರ. ನೆಲದ ಮೇಲೆ ಬಿದ್ದ ಹಿತ್ತಾಳೆ ಕೇಸ್ ಗುಡಿಸಿ ತೂಕಕ್ಕೆ ಮಾರಿದ್ರೆ ರೇಂಜಿಗೆ ದುಡ್ಡು ಬರತ್ತೆ, ಅದರಲ್ಲಿ ಸ್ಟೀಲ್ ಸೇರಿದ್ರೆ ಆರಿಸೋ ಕೆಲಸ. ಸೇಫ್ಟಿ ಅಂತ ಬೋರ್ಡಲ್ಲಿ ಬರೆದಿರ್ತಾರೆ, ಇರ್ಲಿ ಬಿಡಿ, ಅವರ ಜಾಗ ಅವರ ರೂಲು.

ಬ್ಯಾರಲ್ ಸವೆಯತ್ತೆ ಅನ್ನೋದಕ್ಕೂ ಕಾರಣ ಕೇಸಲ್ಲ, ಈ ಜಾಕೆಟ್ಟು, ಯಾಕಂದ್ರೆ ಬ್ಯಾರಲ್ ಒಳಗೆ ಉಜ್ಜಿಕೊಂಡು ಹೋಗೋದು ಗುಂಡು, ಕೇಸು ಚೇಂಬರ್ ಬಿಟ್ಟು ಮುಂದೆ ಹೋಗೋದೇ ಇಲ್ಲ. ಇದಕ್ಕೆ ಎಲ್ರೂ ಹಿಡ್ಕೊಂಡು ಬರೋ ಸಾಕ್ಷಿ ಲಕ್ಕಿ ಗನ್ನರ್ ಅನ್ನೋ ಅಮೆರಿಕದ ರೌಂಡ್ಸ್ ಅಂಗಡಿಯೋರು 2013ರಲ್ಲಿ ಹಾಕಿದ ಟೆಸ್ಟು, ಒಂದೇ ಥರದ ನಾಲ್ಕು ಎಆರ್-15 ರೈಫಲ್, ಒಂದಕ್ಕೆ ಹಿತ್ತಾಳೆ, ಉಳಿದ ಮೂರಕ್ಕೆ ಮೂರು ಬ್ರ್ಯಾಂಡಿನ ಸ್ಟೀಲ್, ತಲಾ 10,000 ರೌಂಡಿನ ಲೆಕ್ಕ. ಬೈಮೆಟಲ್ ಗುಂಡು ಹೊಡೆದ ಬ್ಯಾರಲ್‌ಗಳು ಹಿತ್ತಾಳೆ ಕಡೆದಕ್ಕಿಂತ ತುಂಬಾ ಮುಂಚೆನೇ ಸವೆದುಹೋದ್ವು, ಆದ್ರೂ ಉಳಿಸಿದ ದುಡ್ಡಲ್ಲಿ ಹೊಸ ಬ್ಯಾರಲ್ ತಗೊಂಡು ಮಿಕ್ಕತ್ತೆ ಅಂತ ಅವರೇ ಲೆಕ್ಕ ಕೊಟ್ರು. ಈ ಟೆಸ್ಟ್ ತೋರಿಸಿ ಪಿಸ್ತೂಲಿನೋರನ್ನ ಹೆದರಿಸೋದು ನನಗಂತೂ ಸರಿ ಅನ್ಸಲ್ಲ. ಅದು ರೈಫಲ್, ಪ್ರೆಶರ್ ಮಿತಿ 55,000 ಪಿಎಸ್‌ಐ, ಗುಂಡಿನ ವೇಗ ಸೆಕೆಂಡಿಗೆ 900 ಮೀಟರ್ ದಾಟತ್ತೆ, ಅವರು ಹೊಡೆದಿದ್ದೂ ಬೇಗಬೇಗ, ಬ್ಯಾರಲ್ ಕಾಯಿಸಿಕೊಂಡು. 9 ಎಂಎಂ ಗುಂಡಿನ ವೇಗ ಹೆಚ್ಚುಕಮ್ಮಿ 350 ಮೀಟರು. ಸವೆತ ಇಲ್ಲ ಅಂತಲ್ಲ, ಆದ್ರೆ ವೀಕೆಂಡಲ್ಲಿ ನೂರು ಹೊಡೆಯೋ ಮನುಷ್ಯ ಪಿಸ್ತೂಲಿನ ಬ್ಯಾರಲ್ ಸವೆಸೋದು ಅಷ್ಟು ಸುಲಭ ಇಲ್ಲ.

ಪ್ರೈಮರ್ ವಿಷಯಕ್ಕೆ ಬಂದ್ರೆ ಎರಡು ಜಾತಿ. ಬಾಕ್ಸರ್ ಥರದ್ದರಲ್ಲಿ ಕೇಸಿನ ತಳದ ಮಧ್ಯ ಒಂದೇ ತೂತು, ಹಳೇ ಪ್ರೈಮರನ್ನ ಒಳಗಿಂದ ಸೂಜಿಲಿ ತಳ್ಳಿ ಹೊಸದು ಕೂರಿಸಬಹುದು. ಬರ್ಡನ್ ಥರದ್ದರಲ್ಲಿ ಎರಡು ಸಣ್ಣ ತೂತು, ಮಧ್ಯದಲ್ಲಿ ಕುಟ್ಟುಗಲ್ಲಿನ ಥರ ಕೇಸಲ್ಲೇ ಒಂದು ಉಬ್ಬು, ತೆಗೆಯೋದು ಪೀಕಲಾಟ. ತಮಾಷೆ ಅಂದ್ರೆ ಬರ್ಡನ್ ಅಮೆರಿಕದೋರು, ಬಾಕ್ಸರ್ ಬ್ರಿಟಿಷ್ ಸೇನೆಯೋರು, ಇಬ್ಬರದ್ದೂ 1860ರ ದಶಕ, ಆದ್ರೆ ಅಮೆರಿಕ ಹಿಡಿದಿದ್ದು ಬಾಕ್ಸರನ್ನ, ಯೂರೋಪು ರಷ್ಯಾ ಹಿಡಿದಿದ್ದು ಬರ್ಡನ್ನನ್ನ. ರಷ್ಯಾದ ಸ್ಟೀಲ್ ಕೇಸಲ್ಲಿ ಹೆಚ್ಚಾಗಿ ಬರ್ಡನ್, ಅದಕ್ಕೇ ಖಾಲಿ ಕೇಸಿಗೆ ಮತ್ತೆ ಪ್ರೈಮರ್, ಮದ್ದು, ಗುಂಡು ತುಂಬಿ ಮನೇಲಿ ರೀಲೋಡ್ ಮಾಡೋರಿಗೆ ಅದು ಕಸ. ಮಿಲಿಟರಿ ಥರ ಸ್ವಲ್ಪ ಗಟ್ಟಿ ಪ್ರೈಮರ್ ಇರೋದ್ರಿಂದ ಟ್ರಿಗರ್ ಹಗುರ ಮಾಡ್ಸೋಕೆ ಸ್ಪ್ರಿಂಗ್ ಬದಲಾಯಿಸಿರೋ ಪಿಸ್ತೂಲಲ್ಲಿ ಕೆಲವೊಮ್ಮೆ "ಕ್ಲಿಕ್" ಅಂತ ಸದ್ದಷ್ಟೇ ಬರತ್ತೆ, ಗುಂಡು ಹಾರಲ್ಲ. ಆಗ ಗಾಬರಿಯಾಗಿ ತಕ್ಷಣ ತೆಗೀಬೇಡಿ, ಮೂತಿ ಟಾರ್ಗೆಟ್ ಕಡೆನೇ ಇಟ್ಕೊಂಡು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರೋ ಸಾಧ್ಯತೆ ಇರತ್ತೆ. ಇದಕ್ಕಿಂತ ಅಪಾಯ "ಪುಸ್" ಅನ್ನೋ ಮೆತ್ತನೆ ಸದ್ದು, ಗುಂಡು ಬ್ಯಾರಲ್ ಮಧ್ಯದಲ್ಲೇ ಸಿಕ್ಕಾಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದ್ರೆ ಬ್ಯಾರಲ್ ಸೀಳತ್ತೆ. ನಿಲ್ಲಿಸಿ, ಖಾಲಿ ಮಾಡಿ, ಬ್ಯಾರಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಇದು ಹಿತ್ತಾಳೆ ರೌಂಡಿಗೂ ಅನ್ವಯನೇ. ಇನ್ನು ಸ್ಟೀಲ್ ಕೇಸ್ ಹೊಡೆದ್ರೆ ಬ್ಯಾರಲ್ ತುಕ್ಕು ಹಿಡಿಯತ್ತೆ ಅನ್ನೋದು ಹಳೇ ಸೋವಿಯತ್ ಮಿಲಿಟರಿ ಸ್ಟಾಕಿನ ಕತೆ, ಅದರ ಪ್ರೈಮರಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರ್ತಿತ್ತು, ಉರಿದ ಮೇಲೆ ಉಪ್ಪು ಉಳಿದು ಗಾಳಿಯ ತೇವ ಎಳ್ಕೊಳ್ತಿತ್ತು. ರಷ್ಯಾದ ಟೂಲಾ, ವುಲ್ಫ್, ಬರ್ನೌಲ್‌ನೋರು ಈ ಕಾಲದಲ್ಲಿ ಮಾಡಿದ 9 ಎಂಎಂಗೆ ಆ ದೋಷ ಇಲ್ಲ.

ಕೊನೆಗೆ ದುಡ್ಡು, ಎಲ್ಲಾ ಶುರುವಾಗಿದ್ದೇ ಅದಕ್ಕಲ್ವಾ. 2021ರ ಆಗಸ್ಟ್ 20ಕ್ಕೆ ಅಮೆರಿಕ ಸರ್ಕಾರ ರಷ್ಯಾದ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿಗೆ ವಿಷ ಹಾಕಿದ ವಿಚಾರದಲ್ಲಿ ರಷ್ಯಾ ಮೇಲೆ ಹೊಸ ನಿರ್ಬಂಧ ಘೋಷಿಸ್ತು, ಸೆಪ್ಟೆಂಬರ್ 7ರಿಂದ ರಷ್ಯಾದ ಗನ್ನು, ರೌಂಡ್ಸಿಗೆ ಹೊಸ ಇಂಪೋರ್ಟ್ ಪರ್ಮಿಟ್ ನಿಂತೋಯ್ತು. ಹಳೇ ಪರ್ಮಿಟ್ ಇದ್ದೋರು ಅದು ಮುಗಿಯೋ ತನಕ ತರಿಸ್ಕೊಳ್ಳಬಹುದಿತ್ತು, ಅಷ್ಟರಲ್ಲಿ 2022ರ ಫೆಬ್ರವರಿಲಿ ಉಕ್ರೇನ್ ಯುದ್ಧ ಬಂತು. ಟೂಲಾ ಡಬ್ಬಿಗಳು ಅಂಗಡಿಲಿ ರಾಶಿ ಬಿದ್ದಿರ್ತಿದ್ದ ಕಾಲ ಅಲ್ಲಿಗೆ ಮುಗೀತು. ಈಗ ಸಿಗೋದು ಹಳೇ ಸ್ಟಾಕು, ಬೇರೆ ದೇಶದ್ದು, ಆಗಾಗ ಅಮೆರಿಕದ ಬ್ರ್ಯಾಂಡುಗಳೇ ಬಿಡೋ ಸ್ಟೀಲ್ ಕೇಸು, ಹಿತ್ತಾಳೆಗೂ ಇದಕ್ಕೂ ಮೊದಲಿದ್ದಷ್ಟು ಅಂತರ ಇಲ್ಲ. ಲೆಕ್ಕ ನೀವೇ ಹಾಕಿ. ಒಂದು ರೌಂಡಿಗೆ 2 ಸೆಂಟ್ ಉಳಿದ್ರೆ ಸಾವಿರಕ್ಕೆ 20 ಡಾಲರ್, ಅಷ್ಟಕ್ಕೆ ರೇಂಜ್ ಹುಡುಕೋದು, ಹೆಚ್ಚು ಕ್ಲೀನಿಂಗು, ಯಾಕೆ ಅಂತ ನಂಗನ್ಸತ್ತೆ. ಹಿತ್ತಾಳೆ ಕೇಸ್ ಆರಿಸ್ಕೊಂಡು ರೀಲೋಡ್ ಮಾಡೋರಾದ್ರೆ ಆ 20 ಡಾಲರೂ ಉಳಿಯಲ್ಲ. 5 ಸೆಂಟ್ ಉಳಿದು, ನಿಮ್ಮ ರೇಂಜು ಒಪ್ಪಿ, ತಿಂಗಳಿಗೆ ಸಾವಿರದ ಹತ್ರ ಹೊಡೆಯೋರಾದ್ರೆ ಕಣ್ಮುಚ್ಕೊಂಡು ತಗೊಳಿ. ಮಧ್ಯದ ದಾರಿ ಬೇಕಂದ್ರೆ ಅಲ್ಯೂಮಿನಿಯಂ ಕೇಸಿನ ಬ್ಲೇಝರ್ ಥರದ್ದಿದೆ, ಅಮೆರಿಕದಲ್ಲೇ ಮಾಡೋದು, ಮ್ಯಾಗ್ನೆಟ್ಟಿಗೆ ಸಿಗಲ್ಲ, ರೀಲೋಡಿಗೂ ಆಗಲ್ಲ.

ತಗೊಳ್ಳೋದಾದ್ರೆ ಮೊದಲು 50ರ ಒಂದೇ ಡಬ್ಬಿ ತಗೊಂಡು ನಿಮ್ಮ ಪಿಸ್ತೂಲು ಹೇಗೆ ನುಂಗತ್ತೆ ನೋಡಿ, ಒಂದೇ ಮಾಡೆಲ್ಲಿನ ಎರಡು ಪಿಸ್ತೂಲಲ್ಲಿ ಒಂದು ಗೊಣಗ್ದೇ ಓಡತ್ತೆ, ಇನ್ನೊಂದು ಹತ್ತಕ್ಕೊಂದ್ಸಲ ನಿಲ್ಲತ್ತೆ. ಮ್ಯಾನ್ಯುಯಲ್ಲಲ್ಲಿ ಸ್ಟೀಲ್ ಕೇಸ್ ಬೇಡ ಅಂತ ಬರೆದಿದ್ರೆ ವಾರಂಟಿ ನೆನಪಿರ್ಲಿ. ಮನೆ ರಕ್ಷಣೆಗೆ ಅಂತ ಲೋಡ್ ಮಾಡಿಡೋ ರೌಂಡಿಗೆ ಇದನ್ನ ಯೋಚಿಸ್ಲೂಬೇಡಿ, ಇದು ಪ್ರಾಕ್ಟೀಸಿಗೆ ಅಷ್ಟೇ. ಹ್ಯೂಸ್ಟನ್, ಫ್ಲಾರಿಡಾ ಥರ ಬೆವರು ಸುರಿಯೋ ಊರಲ್ಲಿರೋರು ಸಾವಿರದ ಪೆಟ್ಟಿಗೆ ತಂದು ಗ್ಯಾರೇಜಲ್ಲಿ ಬಿಡಬೇಡಿ, ಲೇಪನ ಎಲ್ಲಿ ಗೀಚಿರತ್ತೋ ಅಲ್ಲಿಂದ ಕೆಂಪು ಚುಕ್ಕೆ ಶುರುವಾಗತ್ತೆ, ಮುಚ್ಚಳಕ್ಕೆ ರಬ್ಬರ್ ಸೀಲ್ ಇರೋ ಆಮ್ಮೋ ಕ್ಯಾನ್ ಅನ್ನೋ ತೋಟಾ ಪೆಟ್ಟಿಗೆಲಿ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮನೆ ಒಳಗೇ ಬೀಗ ಹಾಕಿಡಿ. ತುಕ್ಕು ಕಂಡ ರೌಂಡನ್ನ ಉಜ್ಜಿ ಹೊಳಪು ಮಾಡೋಕೆ ಹೋಗ್ಬೇಡಿ, ರೇಂಜಲ್ಲಿ ಕೆಟ್ಟ ರೌಂಡ್ಸ್ ಹಾಕೋ ಡಬ್ಬ ಇರತ್ತೆ, ಅದಕ್ಕೆ ಹಾಕಿ ಬನ್ನಿ.